ಐನೂರ ಹನ್ನೊಂದರ ಗೆರೆ

ಒಂದು ಲೀಟರ್ ದ್ರವ ನೈಟ್ರೋಜನ್ನಿಗೆ ಒಂದು ಲೀಟರ್ ಹಾಲಿನಷ್ಟೂ ಬೆಲೆಯಿಲ್ಲ. ಅದನ್ನು ತುಂಬಿಡುವ ಕ್ಯಾನಿಗೆ ಪ್ರಯೋಗಾಲಯದ ಕೆಲಸದಾಕೆ ಚಳಿಯಕ್ಕನ ಎರಡು ತಿಂಗಳ ಸಂಬಳ ಬೇಕು. ಆ ನೈಟ್ರೋಜನ್ನಿನ ತಂಪಿನಲ್ಲಿ ಕೂತ, ಆಕಾಶದಿಂದ ಬರುವ ಕಿರಣ ಹಿಡಿಯುವ ಏಳು ಜರ್ಮೇನಿಯಂ ಹರಳುಗಳು ಒಂದೊಂದೂ ಮುಷ್ಟಿಗಾತ್ರ. ಅವಳು ಇಪ್ಪತ್ತೆರಡು ವರ್ಷ ದುಡಿದದ್ದೆಲ್ಲ ಸುರಿದರೂ ಅವು ಬರುವುದಿಲ್ಲ. ಹರಳುಗಳನ್ನು ಹೊತ್ತು ಮೇಲಕ್ಕೆ ಹೋಗುವ ಬಲೂನಿನ ದುಡ್ಡಿಗೆ ಅವಳಿರುವಂಥ ಮನೆ ನಾಲ್ಕು ಬರುತ್ತವೆ, ಅದೂ ಒಂದೇ ಸಲ ಬಳಸಿ ಹರಿದು ಬಿಸಾಡುವ ಸಾಮಾನು. ಒಳಗೆ ತುಂಬುವ ಹೀಲಿಯಂಗೆ ಇನ್ನೊಂದು ಮನೆ. ಗಾಳಿಗೆ ಮಾತ್ರ ಯಾರೂ ದುಡ್ಡು ಕೇಳುವುದಿಲ್ಲ, ಆದರೆ ಬೇಕಾದ ಗಾಳಿ ವರ್ಷಕ್ಕೆ ಎರಡೇ ವಾರ. ನಲವತ್ತು ಕಿಲೋಮೀಟರ್ ಎತ್ತರದಲ್ಲಿ ಒಂದು ಕಡೆಗೆ ಬೀಸುವ ಗಾಳಿ ಸುಸ್ತಾಗಿ ನಿಂತು, ಇನ್ನೊಂದು ಕಡೆಗೆ ತಿರುಗುವ ಮುಂಚೆ ಉಸಿರು ಹಿಡಿಯುತ್ತದಲ್ಲ, ಆ ಹೊತ್ತಿನಲ್ಲಿ ಹಾರಿಸಿದರೆ ಬಲೂನು ತಲೆಯ ಮೇಲೆಯೇ ನಿಲ್ಲುತ್ತದೆ. ತಪ್ಪಿದರೆ ಮುಂದಿನ ವರ್ಷ. ಗಾಳಿ ಬಂದಾಗ ತೂರಿಕೋ ಎಂಬ ಮಾತು ಆ ಪ್ರಯೋಗಾಲಯದಲ್ಲಿ ಗಾದೆಯಲ್ಲ, ಕೆಲಸದ ವೇಳಾಪಟ್ಟಿ.

ಇನ್ನೂ ಒಂದು ಬೆಲೆ ಇತ್ತು. ಆಸ್ಪತ್ರೆಯ ಸ್ಕ್ಯಾನಿಗೆ ಮೂರು ತಿಂಗಳ ಸಂಬಳ. ಅದು ಚಳಿಯಕ್ಕನೊಬ್ಬಳಿಗೇ ಗೊತ್ತಿದ್ದ ಲೆಕ್ಕ.

ಚಳಿಯಕ್ಕ ಎಂಬುದು ಅವಳ ಹೆಸರಲ್ಲ. ನೈಟ್ರೋಜನ್ ತುಂಬುವಾಗ ಅವಳ ಸುತ್ತ ಬಿಳಿ ಹೊಗೆ ಎದ್ದು, ಒಳಗಿಂದ ದೊಡ್ಡ ಕೈಗವಸಿನ ಎರಡು ಕೈ ಮಾತ್ರ ಕಾಣುತ್ತಿದ್ದವು. ಯಾರೋ ಒಮ್ಮೆ ಹಾಗೆ ಕರೆದರು, ಅದೇ ಉಳಿಯಿತು. ಸಂಬಳದ ಚೀಟಿಯ ಹೆಸರು ಹಿಡಿದು ಕೂಗಿದರೆ ಅವಳೇ ಒಂದು ಗಳಿಗೆ ತಡೆದು ತಿರುಗುತ್ತಿದ್ದಳು. ಈ ಏಳು ಹರಳುಗಳನ್ನು ಮೂರು ವರ್ಷ ಎರಡು ತಿಂಗಳು ಅವಳು ಒಂದು ಗಂಟೆಯೂ ಬೆಚ್ಚಗಾಗಲು ಬಿಟ್ಟಿರಲಿಲ್ಲ. ಬಾಣಂತಿ ಕೋಣೆ ಬೆಚ್ಚಗಿರಬೇಕು, ನಮ್ಮ ಕೂಸುಗಳಿಗೆ ತಣ್ಣಗಿರಬೇಕು, ಅಷ್ಟೇ ವ್ಯತ್ಯಾಸ, ಎನ್ನುತ್ತಿದ್ದಳು. ಅವಳ ಅಮ್ಮ ತೀರಿಕೊಂಡ ದಿನವೂ ಬೆಳಿಗ್ಗೆ ಬಂದು ತುಂಬಿಸಿ, ಮುಖ ತೊಳೆದುಕೊಂಡು ಹೋಗಿದ್ದಳು.

ಅವಳ ಗಂಡ ಪಕ್ಕದ ಉದ್ದನೆಯ ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದ. ಬಲೂನಿನ ಪ್ಲಾಸ್ಟಿಕ್ ಹಾಳೆ ಈರುಳ್ಳಿ ಸಿಪ್ಪೆಗಿಂತ ತೆಳು. ಕೆಳಗಿನಿಂದ ದೀಪ ಹಾಕಿದ ಗಾಜಿನ ಮೇಜಿನ ಮೇಲೆ ಅದನ್ನು ಗೇಣು ಗೇಣಾಗಿ ಎಳೆದು, ಎಲ್ಲಾದರೂ ಸೂಜಿಮೊನೆಯ ರಂಧ್ರವಿದೆಯೇ ಎಂದು ನೋಡುವುದು ಅವನ ಕೆಲಸ. ಎಲ್ಲರೂ ಅವನನ್ನು ಸೂಜಿಗಣ್ಣ ಎನ್ನುತ್ತಿದ್ದರು. ಎಕರೆಗಟ್ಟಲೆ ಹಾಳೆಯಲ್ಲಿ ಅವನ ಕಣ್ಣು ತಪ್ಪಿಸಿ ಒಂದು ರಂಧ್ರವೂ ಆಕಾಶಕ್ಕೆ ಹೋದದ್ದಿಲ್ಲ ಎಂಬುದು ಅವನ ಹೆಮ್ಮೆ.

ಆ ಕಣ್ಣಿಗೆ ಕಾಣದಂತೆ ಚಳಿಯಕ್ಕ ಎರಡು ತಿಂಗಳಿಂದ ಕತ್ತಿನ ಸುತ್ತ ಉಣ್ಣೆಯ ವಸ್ತ್ರ ಸುತ್ತಿಕೊಂಡಿದ್ದಳು. ಎಡಗಡೆ ಕತ್ತಿನ ಬುಡದಲ್ಲಿ ಗೋಲಿಯಷ್ಟು ಗಾತ್ರದ ಗಂಟು. ನೋವಿಲ್ಲ. ನೋವಿಲ್ಲದ ಗಂಟೇ ಕೆಟ್ಟದ್ದು ಎಂದು ಅವಳು ಎಲ್ಲೋ ಕೇಳಿದ್ದಳು. ವೈದ್ಯೆ ಚೂರು ತೆಗೆದು ನೋಡಿ, ಮೈಯೆಲ್ಲ ಸ್ಕ್ಯಾನ್ ಮಾಡಿಸಬೇಕು, ಎಲ್ಲೆಲ್ಲಿ ಹಬ್ಬಿದೆ ಗೊತ್ತಾಗಬೇಕು ಎಂದಿದ್ದರು. ತಂಗಿಯ ಮನೆಗೆ ಹೋಗಿ ಬರುತ್ತೇನೆ ಎಂದು ಸುಳ್ಳು ಹೇಳಿ, ತುಂಬಿಸುವುದನ್ನು ಗಂಡನಿಗೆ ಒಪ್ಪಿಸಿ ಒಂದು ದಿನ ರಜೆ ಹಾಕಿ, ಬೇರೆ ಊರಿನ ಆಸ್ಪತ್ರೆಗೆ ಹೋಗಿ ಬಂದಳು. ಫಲಿತಾಂಶ ಬರಲು ವಾರ ಬೇಕು. ಹಾರಾಟಕ್ಕೆ ನಾಲ್ಕು ದಿನ. ಅವಳ ಲೆಕ್ಕ ಸರಳವಾಗಿತ್ತು: ಬಲೂನು ಮೇಲೆ ಹೋಗಲಿ, ಆಮೇಲೆ ಗಂಡನಿಗೆ ಹೇಳುವುದು. ಮೊದಲೇ ಹೇಳಿದರೆ ಅವನು ಸುಮ್ಮನಿರುವ ಪೈಕಿಯಲ್ಲ. ಅವನು ಸುಮ್ಮನಿದ್ದರೂ ನಿಯಮ ಸುಮ್ಮನಿರುವುದಿಲ್ಲ. ನೈಟ್ರೋಜನ್ ಮುಟ್ಟುವವರು ಆರೋಗ್ಯವಾಗಿದ್ದಾರೆ ಎಂದು ವೈದ್ಯರ ಚೀಟಿ ಇರಬೇಕು. ಇಲ್ಲದಿದ್ದರೆ ಕೈಗವಸು ಕಳಚಿ ಕೊಟ್ಟು ಹೊರಗೆ ಹೋಗಬೇಕು. ಮೂರು ವರ್ಷ ಸಾಕಿದ ಕೂಸುಗಳಿಗೆ ಹೊರಡುವ ದಿನ ಬೇರೆ ಯಾರೋ ತುಂಬಿಸುವುದನ್ನು ಅವಳು ಕನಸಿನಲ್ಲೂ ಒಪ್ಪುವವಳಲ್ಲ.

ಸ್ಕ್ಯಾನಿಗೆ ಮುಂಚೆ ತೋಳಿಗೆ ಸೂಜಿ ಚುಚ್ಚಿ ಏನೋ ಏರಿಸಿದ್ದರು. ಇದು ಒಂಥರಾ ಸಕ್ಕರೆ ಅಮ್ಮಾ, ಒಳಗೆ ಹೋಗಿ ದೀಪದ ಹಾಗೆ ಉರಿಯುತ್ತೆ, ನಮ್ಮ ಯಂತ್ರಕ್ಕೆ ಕಾಣುತ್ತೆ, ಎರಡು ಗಂಟೆಗೆ ಅರ್ಧ ಆಗುತ್ತೆ, ಇವತ್ತು ಚಿಕ್ಕ ಮಕ್ಕಳನ್ನ ಎತ್ತಿಕೊಳ್ಳಬೇಡಿ, ಎಂದು ಅಲ್ಲಿನ ಸಹಾಯಕ ಹೇಳಿದ್ದ. ರಾತ್ರಿ ಕಳೆದರೆ ಮುಗಿಯಿತು ಎಂದುಕೊಂಡು ಮರುದಿನ ಬೆಳಿಗ್ಗೆ ಎಂಟಕ್ಕೆ ಅವಳು ಕೆಲಸಕ್ಕೆ ಬಂದಳು.

ಹರಳುಗಳ ಕೋಣೆಗೆ ಕಿಟಕಿಯಿಲ್ಲ. ನಡುವೆ ಉಕ್ಕಿನ ಚೌಕಟ್ಟು, ಅದರಲ್ಲಿ ಬಾವಿಯ ಹಾಗೆ ಮೇಲಕ್ಕೆ ಬಾಯಿ ತೆರೆದ ದಪ್ಪ ಗೋಡೆಯ ಪೆಟ್ಟಿಗೆ, ತಳದಲ್ಲಿ ಹರಳುಗಳು. ನೈಟ್ರೋಜನ್ ಬಾಯಿ ಅದರ ಪಕ್ಕದಲ್ಲೇ ಇದ್ದುದರಿಂದ ತುಂಬುವವರು ಬಾವಿಯ ಮೇಲೆ ಬಗ್ಗಲೇಬೇಕು. ಹಾರಾಟದ ಸಣ್ಣ ಕ್ಯಾನು ಜೋಡಿಸಿದ ಮೇಲೆ, ಅದು ಒಂದು ದಿನ ತಡೆಯುವಂಥದ್ದಾದರೂ, ಯಾವ ಗಳಿಗೆಗೂ ಹೊರಡಲು ಸಿದ್ಧವಿರಲೆಂದು ಹಗಲಲ್ಲಿ ಎರಡು ಗಂಟೆಗೊಮ್ಮೆ ತುಂಬಿಸಬೇಕಿತ್ತು. ಮೂಲೆಯಲ್ಲಿ ಒಂದು ಪರದೆ. ಅದರ ಮುಂದೆ ಇಪ್ಪತ್ತೆಂಟರ ಒಬ್ಬ ಹುಡುಗಿ, ವಿಜ್ಞಾನಿ. ಹರಳಿಗೆ ತಾಗಿದ ಕಿರಣಗಳೆಲ್ಲ ಪರದೆಯ ಮೇಲೆ ನೂರಾರು ಏರಿಳಿತಗಳಾಗಿ ಮೂಡಿದರೂ ಅವಳು ನೋಡುತ್ತಿದ್ದುದು ಒಂದೇ ಗೆರೆಯನ್ನು, ಐನೂರ ಹನ್ನೊಂದು ಎಂಬ ಅಂಕಿಯ ಮೇಲೆ ಏಳುವ ಗೆರೆ. ಊಟಕ್ಕೆ ಕರೆದರೂ ಗೆರೆ, ಮದುವೆಯ ಮಾತೆತ್ತಿದರೂ ಗೆರೆ. ಹಾಗಾಗಿ ಅವಳಿಗೆ ಗೆರೆಯಮ್ಮ ಎಂದು ಹೆಸರಿಟ್ಟವಳು ಚಳಿಯಕ್ಕನೇ.

ಎಂಟು ಗಂಟೆಗೆ ಚಳಿಯಕ್ಕ ತುಂಬಿಸತೊಡಗಿದಾಗ ಆ ಗೆರೆ ಎಂಟು ಬೆರಳಿನಷ್ಟು ಎದ್ದು ನಿಂತಿತು. ಅವಳು ಕ್ಯಾನಿನ ಬಾಯಿ ಒರೆಸಿ, ಮುಚ್ಚಳ ಹಾಕಿ ಹೊರಗೆ ಹೋದ ಮೇಲೆ ತಗ್ಗಿತು. ಗೆರೆಯಮ್ಮ ಮೇಷ್ಟ್ರನ್ನು ಕರೆದಳು. ಮೇಷ್ಟ್ರು ಎಂದರೆ ಅಲ್ಲಿನ ಮುಖ್ಯಸ್ಥರು. ಹಿಂದೆ ಎಲ್ಲೋ ಪಾಠ ಮಾಡುತ್ತಿದ್ದರಂತೆ, ಈಗಲೂ ಎಲ್ಲರನ್ನೂ ಕೊನೆಯ ಬೆಂಚಿನವರ ಹಾಗೆ ನೋಡುತ್ತಿದ್ದರು. ಅವರು ಬಂದು ಮೊದಲು ಕೇಳಿದ್ದು ಸೋಡಿಯಂ ಗುಂಡಿ ಎಲ್ಲಿ ಎಂದು. ಯಂತ್ರದ ಅಳತೆ ಸರಿಯಿದೆಯೇ ಎಂದು ನೋಡಲು ಅಂಗಿಯ ಗುಂಡಿಯಂಥ ಒಂದು ವಿಕಿರಣದ ಚೂರು ಇರುತ್ತದೆ, ಅದೂ ಐನೂರ ಹನ್ನೊಂದನ್ನು ಕೊಡುತ್ತದೆ. ಪುಸ್ತಕದಲ್ಲಿ ಕೊನೆಯ ಸಹಿ ಹುಡುಗಿಯದು. ಗುಂಡಿ ಸೀಸದ ಡಬ್ಬಿಯಲ್ಲೇ ಇತ್ತು. ಆದರೂ ಮೇಷ್ಟ್ರು ಅವಳ ಮೇಜು, ಚೀಲ, ಕೋಟಿನ ಜೇಬು ಎಲ್ಲ ತಡಕಿಸಿದರು. ಗುಂಡಿಯದಾದರೆ ಜೊತೆಗೆ ಇನ್ನೊಂದು ಗೆರೆಯೂ ಬರಬೇಕು, ಬಂದಿಲ್ಲವಲ್ಲ ಎಂದು ಅವಳು ಮೂರು ಸಲ ಹೇಳಿದಳು.

ಹತ್ತು ಗಂಟೆಗೆ ಚಳಿಯಕ್ಕ ತುಂಬಿಸುವಾಗ ಗೆರೆ ನಾಲ್ಕು ಬೆರಳು ಎದ್ದಿತು. ಹನ್ನೆರಡಕ್ಕೆ ಎರಡು ಬೆರಳು. ನಡುನಡುವೆ ಏನೂ ಇಲ್ಲ.

ಮೇಷ್ಟ್ರು ಕೆನ್ನೆ ಉಜ್ಜಿಕೊಂಡು ಪರದೆಯ ಅಂಕಿಗಳನ್ನು ಮತ್ತೊಮ್ಮೆ ಓದಿದರು. ಆಮೇಲೆ, ಪೆಟ್ಟಿಗೆ ಬಿಚ್ಚುವುದೇ ಸರಿ ಎಂದರು. ತುಂಬಿಸಿದಾಗಲೆಲ್ಲ ಹೀಗಾಗುತ್ತಿದೆ ಎಂದರೆ ಒಳಗೆ ಯಾವುದೋ ಜೋಡಣೆ ಚಳಿಗೆ ಸೆಟೆದುಕೊಳ್ಳುತ್ತಿದೆ. ಇಂಥ ಯಂತ್ರವನ್ನು ಮೇಲೆ ಕಳಿಸಿದರೆ ಬರುವ ಗೆರೆ ಆಕಾಶದ್ದೋ ಕ್ಯಾನಿನದ್ದೋ ಯಾರು ಹೇಳುವುದು. ಪೆಟ್ಟಿಗೆ ಬಿಚ್ಚುವುದೆಂದರೆ ಹರಳು ಬೆಚ್ಚಗಾಗುವುದು. ಬೆಚ್ಚಗಾದರೆ ಒಳಗಿನ ಗಾಳಿ ತೆಗೆದು ಮತ್ತೆ ತಣ್ಣಗಾಗಿಸಲು ಐದು ವಾರ. ಆ ಹೊತ್ತಿಗೆ ಮೇಲಿನ ಗಾಳಿ ತಿರುಗಿ ಆಗಿರುತ್ತದೆ. ಮುಂದಿನ ವರ್ಷಕ್ಕೆ ಇದೇ ಬಲೂನು, ಇದೇ ಹಣ, ಇದೇ ಜನ ಇರುತ್ತಾರೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಬಾಗಿಲಲ್ಲಿ ನಿಂತಿದ್ದ ಸೂಜಿಗಣ್ಣ ಗೊಣಗಿದ. ಮೂರು ಗಂಟೆಗೆ ಬಿಚ್ಚುವುದೆಂದು ತೀರ್ಮಾನವಾಯಿತು.

ಹುಡುಗಿ ಮಾತ್ರ ಬಿಡಲಿಲ್ಲ. ಎಂಟು, ನಾಲ್ಕು, ಎರಡು. ಎರಡು ಗಂಟೆಗೆ ಅರ್ಧ ಆಗುತ್ತಿದೆ, ಇದು ಜೋಡಣೆಯ ತರ ಇಲ್ಲ, ಯಾವುದೋ ವಿಕಿರಣ ಪದಾರ್ಥ ಸವೆಯುವ ತರ ಇದೆ, ಎಂದಳು.

ಮೇಷ್ಟ್ರಿಗೆ ತಾಳ್ಮೆ ತಪ್ಪಿತು. "ಪದಾರ್ಥ ಇದ್ದರೆ ಇರಬೇಕಮ್ಮ, ಇದ್ದ ಕಡೆ ಇರಬೇಕು. ಎರಡು ಗಂಟೆಗೊಮ್ಮೆ ಬಾಗಿಲು ತೆಗೆದು ಒಳಗೆ ಬಂದು, ಬಾವಿ ಮೇಲೆ ಬಗ್ಗಿ ನೋಡಿ, ಮತ್ತೆ ಎದ್ದು ಹೋಗುತ್ತಾ?"

ಕೊಳವೆ ಸುತ್ತಿಡುತ್ತಿದ್ದ ಚಳಿಯಕ್ಕನ ಕೈ ನಿಂತುಬಿಟ್ಟಿತು.

ಅವಳು ಓದಿದ್ದು ಕಡಿಮೆ. ಆದರೆ ಬಾಗಿಲು ತೆಗೆದು ಬಂದು, ಬಗ್ಗಿ, ಎದ್ದು ಹೋಗುವುದು ಆ ಕೋಣೆಯಲ್ಲಿ ಒಂದೇ ಒಂದಿತ್ತು. ಎರಡು ಗಂಟೆಗೆ ಅರ್ಧ ಎಂಬ ಮಾತನ್ನೂ ಅವಳು ನಿನ್ನೆ ತಾನೇ ಬೇರೊಬ್ಬನ ಬಾಯಲ್ಲಿ ಕೇಳಿದ್ದಳು. ಅಲ್ಲ, ರಾತ್ರಿಯೇ ಮುಗಿದಿರುತ್ತದೆ ಎಂದು ಒಂದು ಮನಸ್ಸು. ಅರ್ಧದಲ್ಲಿ ಅರ್ಧ, ಅದರಲ್ಲಿ ಅರ್ಧ ಮಾಡುತ್ತಾ ಹೋದರೆ ಯಾವತ್ತೂ ಪೂರ್ತಿ ಮುಗಿಯುವುದಿಲ್ಲ ಎಂದು ಇನ್ನೊಂದು. ದಿನವೂ ಕ್ಯಾನಿನಲ್ಲಿ ಎಷ್ಟು ಉಳಿದಿದೆ ಎಂದು ಕಡ್ಡಿ ಇಳಿಸಿ ನೋಡುವವಳಿಗೆ ತಳ ಕಾಣದಿರುವುದು ಎಂದರೇನೆಂದು ಗೊತ್ತಿತ್ತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ ಎನ್ನುವ ಹಾಗೆ ಅವಳು ಊಟದ ಡಬ್ಬಿ ತೆರೆದು ಮುಚ್ಚಿದಳು. ಸುಮ್ಮನಿದ್ದರೂ ಆಗುತ್ತಿತ್ತು. ಸಂಜೆಗೆ ಗೆರೆ ತಾನಾಗಿ ಇಳಿಯುತ್ತಿತ್ತು, ಆದರೆ ಮೂರಕ್ಕೇ ಪೆಟ್ಟಿಗೆ ಬಿಚ್ಚುತ್ತಾರೆ. ಹೇಳಿದರೆ ಹರಳುಗಳು ಹಾರುತ್ತವೆ, ಅವಳು ಅವನ್ನು ಮುಟ್ಟುವಂತಿಲ್ಲ. ಹೇಳದಿದ್ದರೆ ಅವಳು ಮುಟ್ಟುತ್ತಾಳೆ, ಅವು ಹಾರುವುದಿಲ್ಲ. ಎದುರಿನ ಮೇಜಿನಲ್ಲಿ ಹುಡುಗಿ ಬೆಳಗಿನಿಂದ ನೀರನ್ನೂ ಕುಡಿಯದೆ ಕೂತಿದ್ದಳು.

ಎರಡು ಗಂಟೆಗೆ ಚಳಿಯಕ್ಕ ಗಂಡನನ್ನು ಕರೆದು, ಮಣಿಕಟ್ಟು ಉಳುಕಿದೆ, ಇದೊಂದು ಸಲ ನೀವೇ ತುಂಬಿಸಿ ಎಂದಳು. ಅವನಿಗೆ ಕೆಲಸ ಬರುತ್ತಿತ್ತು, ಚೀಟಿಯೂ ಇತ್ತು. ಅವಳು ಹೊರಗೆ ನಿಂತು ಬಾಗಿಲಿನ ಗಾಜಿನಲ್ಲಿ ನೋಡಿದಳು. ಹೊಗೆ ಎದ್ದಿತು, ಕೊಳವೆ ಸುಯ್ಗುಟ್ಟಿತು, ಸೂಜಿಗಣ್ಣ ಬಾವಿಯ ಮೇಲೆ ಬಗ್ಗಿದ. ಪರದೆಯ ಮೇಲೆ ಗೆರೆ ಮಲಗಿದ್ದಲ್ಲೇ ಮಲಗಿತ್ತು. ಹುಡುಗಿ ಕುರ್ಚಿಯಿಂದ ಅರ್ಧ ಎದ್ದಳು.

ಆಗ ಚಳಿಯಕ್ಕ ಕೈಗವಸಿಲ್ಲದೆ, ಬರಿಗೈಯಲ್ಲಿ ಒಳಗೆ ಹೋಗಿ ಗಂಡನ ಪಕ್ಕ ಬಾವಿಯ ಮೇಲೆ ಬಗ್ಗಿ ನಿಂತಳು. ಪರದೆಯ ಮೇಲೆ ಐನೂರ ಹನ್ನೊಂದರ ಜಾಗದಲ್ಲಿ ಗೆರೆ ಮೆಲ್ಲಗೆ ಒಂದು ಬೆರಳು ಎದ್ದಿತು.

"ನಾನೇ ಅದು," ಎಂದಳು ಚಳಿಯಕ್ಕ. "ನಿನ್ನೆ ಆಸ್ಪತ್ರೆಯಲ್ಲಿ ಏನೋ ಏರಿಸಿದರು. ಸ್ಕ್ಯಾನಿಗೆ. ಕತ್ತಲ್ಲಿ ಗಂಟಿದೆ, ಕೆಟ್ಟದ್ದಂತೆ."

ಕೊಳವೆಯ ತುದಿಯಿಂದ ನೈಟ್ರೋಜನ್ ಹನಿಗಳು ನೆಲಕ್ಕೆ ಬಿದ್ದು, ಬಿದ್ದಲ್ಲಿ ನಿಲ್ಲದೆ ಮಣಿಗಳ ಹಾಗೆ ಉರುಳಿ ಮಾಯವಾಗುತ್ತಿದ್ದವು. ಸೂಜಿಗಣ್ಣ ಕವಾಟ ಮುಚ್ಚಿದ. ಅವಳ ಮುಖ ನೋಡಲಿಲ್ಲ, ಕತ್ತಿನ ವಸ್ತ್ರ ನೋಡಿದ.

"ತಂಗಿ ಮನೆಗೆ ಅಂದೆಯಲ್ಲೇ," ಎಂದ. "ಎಷ್ಟು ದಿನ ಆಯ್ತು?"

"ಎರಡು ತಿಂಗಳು."

"ಎರಡು ತಿಂಗಳು ಪಕ್ಕದಲ್ಲಿ ಮಲಗಿದ್ದೀನಿ. ನನಗೆ ಊರವರೆಲ್ಲ ಸೂಜಿಗಣ್ಣ ಅಂತಾರೆ."

ಅವನು ಕೈಗವಸು ಕಳಚಿ ಒಂದರ ಮೇಲೊಂದು ಇಟ್ಟು, ಗೋಡೆಗೆ ಒರಗಿ ನಿಂತ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡು, ತಿರುಗಿ ಹುಡುಗಿಯ ಮುಂದೆ ನಿಂತು, ನಿನ್ನ ಜೇಬು ತಡಕಬಾರದಿತ್ತಮ್ಮ ಎಂದರು. ಮೇಷ್ಟ್ರ ಬಾಯಿಂದ ಅಂಥ ಮಾತು ಯಾರೂ ಕೇಳಿರಲಿಲ್ಲ.

ಹುಡುಗಿಯ ಕಣ್ಣು ಚಳಿಯಕ್ಕನ ಮೇಲಿತ್ತು, ಪರದೆಯಲ್ಲಿ ದಿನವೂ ನೋಡುತ್ತಿದ್ದುದು ಎದ್ದು ಬಂದು ಎದುರಿಗೆ ನಿಂತಂತೆ. ಅವಳು ಚಳಿಯಕ್ಕನ ಮೊಣಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಅಕ್ಕಾ, ನಾವು ಮೇಲೆ ಏನು ಹುಡುಕೋಕೆ ಹೋಗ್ತಿದ್ದೀವಿ ಗೊತ್ತಾ ನಿಮಗೆ?"

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಗೆರೆ ಎಂದಳು ಚಳಿಯಕ್ಕ.

ಹುಡುಗಿ ನೆಲದ ಮೇಲೆ ಕೂತು ಹೇಳತೊಡಗಿದಳು. ಪ್ರತಿಯೊಂದು ವಸ್ತುವಿನಲ್ಲೂ ಎಲೆಕ್ಟ್ರಾನ್ ಎಂಬ ಸೂಕ್ಷ್ಮ ಕಣ ಇರುತ್ತದೆ. ಅದಕ್ಕೊಂದು ಎದುರು ಜೋಡಿ ಇದೆ, ಪಾಸಿಟ್ರಾನ್. ತೂಕ ಅದೇ, ಗುಣ ತಿರುಗುಮುರುಗು. ಇವೆರಡೂ ಭೇಟಿಯಾದರೆ ಎರಡೂ ಇಲ್ಲವಾಗುತ್ತವೆ. ಬೂದಿಯೂ ಉಳಿಯುವುದಿಲ್ಲ. ಸಾಮಾನ್ಯವಾಗಿ ಉಳಿಯುವುದು ಬೆಳಕಿನ ಎರಡು ಕಿಡಿ, ಗಾಮಾ ಕಿರಣ, ಒಂದು ಈ ಕಡೆಗೆ, ಒಂದು ಅದಕ್ಕೆ ಬೆನ್ನು ಹಾಕಿ ಆ ಕಡೆಗೆ. ಎರಡರ ಶಕ್ತಿಯೂ ಐನೂರ ಹನ್ನೊಂದು. ಜಗತ್ತಿನ ಯಾವ ಮೂಲೆಯಲ್ಲಾದರೂ ಅಷ್ಟೇ. ನಮ್ಮ ಆಕಾಶಗಂಗೆಯ ನಡುಭಾಗದಿಂದ ಆ ಕಿಡಿಗಳು ಬರುತ್ತಲೇ ಇವೆ, ಹೊರಟು ಇಪ್ಪತ್ತಾರು ಸಾವಿರ ವರ್ಷ ಆದವು ಈಗ ತಲುಪುತ್ತಿವೆ. ಅಲ್ಲಿ ಸೆಕೆಂಡಿಗೆ ಎಷ್ಟು ಪಾಸಿಟ್ರಾನ್ ಸಾಯುತ್ತವೆ ಎಂದರೆ, ಅಷ್ಟನ್ನೂ ತೂಗಿದರೆ ಒಂದು ದೊಡ್ಡ ಬೆಟ್ಟ. ಸೆಕೆಂಡಿಗೆ ಒಂದು ಬೆಟ್ಟ, ರಾತ್ರಿ ಹಗಲು.

"ಅಷ್ಟೊಂದು ಎಲ್ಲಿಂದ ಬರುತ್ತೆ?" ಎಂದಳು ಚಳಿಯಕ್ಕ.

"ಗೊತ್ತಿಲ್ಲ ಅಕ್ಕ. ಐವತ್ತು ವರ್ಷದಿಂದ ನೋಡ್ತಿದ್ದಾರೆ, ಯಾರಿಗೂ ಗೊತ್ತಿಲ್ಲ. ಸಿಡಿದ ನಕ್ಷತ್ರ ಅಂತಾರೆ, ಕಪ್ಪು ಕುಳಿ ಅಂತಾರೆ, ಕಣ್ಣಿಗೆ ಕಾಣದ ಇನ್ನೇನೋ ಅಂತಾರೆ. ಒಬ್ಬರ ಲೆಕ್ಕ ಒಬ್ಬರಿಗೆ ಆಗಲ್ಲ." ಹುಡುಗಿ ಪರದೆಯ ಕಡೆ ಕೈ ತೋರಿಸಿದಳು. "ನಿಮಗೆ ಏರಿಸಿದ್ದು ಪಾಸಿಟ್ರಾನ್ ಉಗುಳುತ್ತೆ, ನಿಮ್ಮೊಳಗೆ ಈಗ ಅದೇ ನಡೀತಿದೆ. ಸೆಕೆಂಡಿಗೆ ಆರೇಳು ಸಾವಿರ. ಅಲ್ಲಿಯದಕ್ಕೂ ಇದಕ್ಕೂ ಕೂದಲೆಳೆ ವ್ಯತ್ಯಾಸ ಇಲ್ಲ, ಅದೇ ಬೆಳಕು. ಒಂದೇ ಒಂದು, ನಿಮ್ಮದು ಎಲ್ಲಿಂದ ಬಂತು ಅಂತ ನಮಗೆ ಗೊತ್ತು."

ಚಳಿಯಕ್ಕ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. ಏನೂ ಕಾಣಲಿಲ್ಲ, ಸದಾ ಇದ್ದ ಹಾಗೇ ಇತ್ತು, ಹೆಬ್ಬೆರಳ ಬುಡದಲ್ಲಿ ಹಳೆಯ ಚಳಿಗಾಯದ ಬಿಳಿ ಕಲೆ. ಈ ಮೈ ಎರಡು ತಿಂಗಳಿಂದ ಅವಳಿಗೆ ಶತ್ರುವಾಗಿತ್ತು. ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು. ಈಗ ಅದರೊಳಗಿಂದ, ಚರ್ಮ ದಾಟಿ, ಬಟ್ಟೆ ದಾಟಿ, ಗಂಡ ನಿಂತಿದ್ದ ಗೋಡೆಯನ್ನೂ ದಾಟಿ ಯಾವ ಕಡೆಗೆಂದಿಲ್ಲದೆ ಬೆಳಕು ಹೋಗುತ್ತಿದೆ ಎಂದರೆ ನಂಬುವುದು ಹೇಗೆ. ಆದರೆ ಗೆರೆ ಸುಳ್ಳು ಹೇಳುವುದಿಲ್ಲ. ಅದಕ್ಕೆಂದೇ ಅವಳು ಮೂರು ವರ್ಷ ಹರಳುಗಳನ್ನು ತಣ್ಣಗಿಟ್ಟಿದ್ದು. ನೋವಿಲ್ಲವಲ್ಲ ಎಂದಳು ಕೊನೆಗೆ, ಇಷ್ಟೆಲ್ಲ ಆಗುತ್ತಿದ್ದರೂ ಒಂದು ಚೂರೂ ಗೊತ್ತಾಗುತ್ತಿಲ್ಲವಲ್ಲ. ಹುಡುಗಿ ಆಕಾಶಗಂಗೆಗೂ ಗೊತ್ತಾಗುವುದಿಲ್ಲ ಅಕ್ಕ ಎಂದಳು. ಗೋಡೆಗೊರಗಿದ್ದ ಸೂಜಿಗಣ್ಣ ಅಲ್ಲಿಯವರೆಗೆ ತಡೆದಿದ್ದವನು ಮುಖ ಮುಚ್ಚಿಕೊಂಡು ಅತ್ತ.

ಪೆಟ್ಟಿಗೆ ಬಿಚ್ಚಲಿಲ್ಲ. ಮೇಷ್ಟ್ರು ನಾಲ್ಕು ಗಂಟೆಗೆ ಹಾರಾಟದ ಕಚೇರಿಗೆ ಫೋನು ಮಾಡಿ ಯಂತ್ರ ಸರಿಯಿದೆ ಎಂದರು. ಆಮೇಲೆ ಚಳಿಯಕ್ಕನನ್ನು ತಮ್ಮ ಕೋಣೆಗೆ ಕರೆದು, ಕುರ್ಚಿ ಎಳೆದು ಕೊಟ್ಟು, ಹೇಳಬೇಕಾದ್ದನ್ನು ಹೇಳಿದರು. ನಿಯಮ ಅವರು ಮಾಡಿದ್ದಲ್ಲ, ಮುರಿಯಲು ಅವರಿಗೆ ಅಧಿಕಾರವೂ ಇಲ್ಲ. ಅವಳು ಕೇಳುವ ಮೊದಲೇ ಕೈಗವಸನ್ನು ಮೇಜಿನ ಮೇಲಿಟ್ಟಿದ್ದಳು. ಒಂದೇ ಮಾತು ಕೇಳಿದಳು: ಇನ್ನು ತುಂಬಿಸುವುದು ಆ ಹುಡುಗಿಯೇ ಆಗಲಿ, ಎರಡು ದಿನ ಬಾಗಿಲ ಹೊರಗೆ ನಿಂತು ನಾನು ಹೇಳಿಕೊಡುತ್ತೇನೆ.

ಹಾಗೆಯೇ ಹೇಳಿಕೊಟ್ಟಳು. ಕ್ಯಾನಿನ ಬಾಯಿಯಲ್ಲಿ ಮಂಜು ಕಟ್ಟಿದರೆ ಒರೆಸಬೇಡ, ಮೊದಲು ಕೇಳು. ಸದ್ದು ಗೊರಗೊರ ಎಂದರೆ ಅರ್ಧ, ಸುಯ್ ಎಂದರೆ ಮುಕ್ಕಾಲು, ಸದ್ದಡಗಿದರೆ ನಿಲ್ಲಿಸು. ಹುಡುಗಿ ಬರೆದುಕೊಳ್ಳಲು ಹೋದಾಗ ಪೆನ್ನು ಕಿತ್ತುಕೊಂಡಳು. "ಕಿವಿಯಲ್ಲಿ ಬರ್ಕೋ ಗೆರೆಯಮ್ಮ. ಪುಸ್ತಕ ಸುಯ್ ಅನ್ನಲ್ಲ."

ಮನೆಯಲ್ಲಿ ಸೂಜಿಗಣ್ಣ ಆ ಸಂಜೆಯೇ ವೈದ್ಯೆಗೆ ಫೋನು ಮಾಡಿದ. ವಾರ ಕಾಯಬೇಕಾದ ಫಲಿತಾಂಶವನ್ನು ಕಾಡಿಸಿ ಮರುದಿನಕ್ಕೇ ತರಿಸಿಕೊಂಡ. ಕತ್ತು, ಕಂಕುಳು, ಎದೆಗೂಡಿನ ನಡುವೆ ಒಂದಿಷ್ಟು. ಆರು ಸುತ್ತು ಔಷಧಿ. ವಾಸಿಯಾಗುವವರೇ ಹೆಚ್ಚು ಎಂದರು ವೈದ್ಯೆ, ಆದರೆ ಖಂಡಿತ ಎನ್ನಲಿಲ್ಲ. ಅವನು ಹೆಂಡತಿಯನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಬಲೂನಿನ ಹಾಳೆ ನೋಡುವಂತೆ, ಬೆರಳ ತುದಿಯಿಂದ ಕತ್ತಿನ ಎರಡೂ ಕಡೆ ಮುಟ್ಟಿ ಮುಟ್ಟಿ ನೋಡಿದ. ಇನ್ನು ಮೇಲೆ ವಾರಕ್ಕೊಮ್ಮೆ ತಪಾಸಣೆ, ತಪ್ಪಿಸುವ ಹಾಗಿಲ್ಲ ಎಂದ. ಅವಳು, ನಾನೇನು ಪ್ಲಾಸ್ಟಿಕ್ಕಾ ಎಂದಳು. ಪ್ಲಾಸ್ಟಿಕ್ಕು ಸುಳ್ಳು ಹೇಳಲ್ಲ ಕಣೇ ಎಂದ ಅವನು.

ಹಾರಾಟದ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಬಯಲಿನಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಚಳಿಯಕ್ಕ ಹಗ್ಗದ ಆಚೆ, ಲಾರಿ ಚಾಲಕರ ಜೊತೆ ನಿಂತಿದ್ದಳು. ಬಲೂನು ನೆಲದ ಮೇಲೆ ಬೀದಿಯುದ್ದ ಮಲಗಿತ್ತು, ಒಂದು ತುದಿಯಲ್ಲಿ ಮಾತ್ರ ಹೀಲಿಯಂ ತುಂಬಿ ಎರಡಂತಸ್ತಿನ ಮನೆಯಷ್ಟು ದೊಡ್ಡ ಗುಳ್ಳೆ ಎದ್ದು ತೂಗುತ್ತಿತ್ತು. ಇನ್ನೊಂದು ತುದಿಯಲ್ಲಿ ಲಾರಿಯ ತೋಳಿನಿಂದ ನೇತುಬಿದ್ದ ಚೌಕಟ್ಟು, ಅದರೊಳಗೆ ಅವಳ ಏಳು ಕೂಸುಗಳು. ದೂರದಲ್ಲಿ ಬಿಳಿ ಹೊಗೆಯೆದ್ದು, ಅದರೊಳಗೆ ಎರಡು ಕೈ ಕಂಡವು. ಹುಡುಗಿ ಕೊನೆಯ ಸಲ ತುಂಬಿಸುತ್ತಿದ್ದಳು. ಚಳಿಯಕ್ಕ ಸದ್ದು ಕೇಳಿಸುವಷ್ಟು ಹತ್ತಿರವಿರಲಿಲ್ಲ, ಆದರೂ ಅವಳ ತುಟಿಗಳು ತಾವಾಗಿ ಗೊರಗೊರ, ಸುಯ್ ಎಂದವು. ಅವಳು ಸಾಕು ಎಂದುಕೊಂಡ ಗಳಿಗೆಗೆ ಸರಿಯಾಗಿ ಕೈಗಳು ನಿಂತವು.

ಗುಳ್ಳೆಯನ್ನು ಹಿಡಿದಿದ್ದ ಉರುಳೆ ಬಿಟ್ಟುಕೊಂಡಿತು. ಸದ್ದೇ ಆಗಲಿಲ್ಲ. ಮಲಗಿದ್ದ ಬೀದಿ ಎದ್ದು ನಿಂತಿತು. ಸೂಜಿಗಣ್ಣ ಗೇಣು ಗೇಣಾಗಿ ಮುಟ್ಟಿದ ಹಾಳೆಯೆಲ್ಲ ಒಂದೇ ಉಸಿರಿಗೆ ಆಕಾಶಕ್ಕೆ ನೆಟ್ಟಗಾಗಿ, ಲಾರಿಯಿಂದ ಚೌಕಟ್ಟನ್ನು ಹಗುರಾಗಿ ಎತ್ತಿಕೊಂಡು, ಯಾರ ಅಪ್ಪಣೆಯೂ ಬೇಡವೆಂಬಂತೆ ಹೊರಟಿತು. ಬಯಲಿನಲ್ಲಿದ್ದವರೆಲ್ಲ ಕತ್ತು ಹಿಂದಕ್ಕೆ ಹಾಕಿ ನಿಂತರು. ಮೊದಲು ಬಾಗಿಲಷ್ಟು, ಆಮೇಲೆ ಅಂಗೈಯಷ್ಟು ಕಂಡಿತು. ಎರಡು ಗಂಟೆಯ ಮೇಲೆ, ಬಿಸಿಲು ಏರಿ ಆಕಾಶ ಕಡುನೀಲಿಯಾದಾಗ, ಅದು ನೆತ್ತಿಯ ಮೇಲೆ ಒಂದು ಬಿಳಿ ಚುಕ್ಕೆಯಾಗಿ ನಿಂತಿತ್ತು, ಹಗಲಲ್ಲಿ ಕಾಣುವ ನಕ್ಷತ್ರದ ಹಾಗೆ. ಪಕ್ಕಕ್ಕೆ ಬಂದು ನಿಂತಿದ್ದ ಸೂಜಿಗಣ್ಣ ಅದು ಈಗ ಆಟದ ಮೈದಾನಕ್ಕಿಂತ ದೊಡ್ಡದಾಗಿ ಉಬ್ಬಿರುತ್ತದೆ ಎಂದು ಪಿಸುಗುಟ್ಟಿದ. ಅದರ ಆಚೆಗೆ ಗಾಳಿಯಿಲ್ಲ, ಮೋಡವಿಲ್ಲ. ಅದರ ಆಚೆಗೆಲ್ಲೋ ಸೆಕೆಂಡಿಗೊಂದು ಬೆಟ್ಟ ಕರಗುತ್ತಿತ್ತು. ಚಳಿಯಕ್ಕ ಸೆಕೆಂಡು ಎಣಿಸಲು ಹೋಗಿ, ಹತ್ತಕ್ಕೇ ನಿಲ್ಲಿಸಿ, ಗಂಡನ ತೋಳು ಹಿಡಿದುಕೊಂಡಳು. ಭಯವಾಯಿತೇ ಎಂದು ಅವನು ಕೇಳಿದ. ಭಯವಲ್ಲ, ಇಷ್ಟು ದೊಡ್ಡದರಲ್ಲಿ ನನ್ನ ಗಂಟು ಎಲ್ಲಿದೆ ಎಂದು ಹುಡುಕುತ್ತಿದ್ದೆ, ಸಿಗಲಿಲ್ಲ ಎಂದಳು.

ಎರಡು ತಿಂಗಳ ಮೇಲೆ, ಮೂರನೆಯ ಸುತ್ತಿನ ಔಷಧಿ ಇಳಿಯುತ್ತಿದ್ದ ದಿನ, ಗೆರೆಯಮ್ಮ ಆಸ್ಪತ್ರೆಗೆ ಒಂದು ಕಾಗದ ಹಿಡಿದು ಬಂದಳು. ಆಕಾಶಗಂಗೆಯ ನಡು ಯಂತ್ರದ ಬಾವಿಯ ಮೇಲಿದ್ದದ್ದು ಎಂಟು ಗಂಟೆ. ಬೇರೆ ಕಡೆಯಿಂದ ಬಂದ ಕಿರಣಗಳ ಗದ್ದಲವನ್ನೆಲ್ಲ ಕಳೆದ ಮೇಲೆ ಉಳಿದದ್ದು ಮುನ್ನೂರ ಹದಿನೇಳು ಕಿಡಿ. ಚಳಿಯಕ್ಕ ಆ ದಿನ ಬೆಳಿಗ್ಗೆ ಎಂಟಕ್ಕೆ ಬಗ್ಗಿ ನಿಂತ ಎರಡು ನಿಮಿಷದಲ್ಲಿ ನಾಲ್ಕು ಸಾವಿರ ಬಂದಿತ್ತಂತೆ. ಅಷ್ಟು ದೂರ ಅಕ್ಕ, ಎಂದಳು ಹುಡುಗಿ, ಅಷ್ಟು ದೂರದಿಂದ ಮುನ್ನೂರ ಹದಿನೇಳು ದಾರಿ ತಪ್ಪದೆ ಬಂದಿವೆ. ಗೆರೆ ತೆಳ್ಳಗಿತ್ತು. ಹಾಗೆಂದರೆ ಆ ಪಾಸಿಟ್ರಾನ್‌ಗಳು ಹುಟ್ಟಿದ ಕೂಡಲೆ ಸಾಯುವುದಿಲ್ಲ. ಎಲ್ಲೆಲ್ಲೋ ಅಲೆದು, ಓಟ ನಿಧಾನಿಸಿ, ತಣ್ಣಗಾದ ಮೇಲೆ ಸಾಯುತ್ತವೆ. ಹಾಗಾಗಿ ಅವು ಸಾಯುವ ಜಾಗ ನೋಡಿ ಹುಟ್ಟಿದ ಜಾಗ ಹೇಳಲು ಬರುವುದಿಲ್ಲ.

ಅಂದರೆ ಎಲ್ಲಿಂದ ಬರುತ್ತವೆ ಎಂದು ಆ ಹಾರಾಟದಿಂದ ತಿಳಿಯಲಿಲ್ಲ. ಚೌಕಟ್ಟು ಇಳಿಯುವಾಗ ಬಂಡೆಗೆ ಬಡಿದು ಪೆಟ್ಟಿಗೆ ಬಿರಿಯಿತು, ಏಳು ಹರಳುಗಳೂ ಬೆಚ್ಚಗಾದವು, ನಾಲ್ಕು ಒಡೆದವು. ಚಳಿಯಕ್ಕನ ಕೂದಲು ಹೋಯಿತು, ನೈಟ್ರೋಜನ್ ಕೆಲಸ ಹೋಯಿತು. ವರ್ಷದ ಕೊನೆಯ ಸ್ಕ್ಯಾನಿನಲ್ಲಿ ಗಂಟು ಇರಲಿಲ್ಲ. ಮುನ್ನೂರ ಹದಿನೇಳು ಕಿಡಿಗಳ ಲೆಕ್ಕ ಉಳಿಯಿತು.